ತೊಂಬೆಯ ಗೋಡೆಯ ಮೇಲೆ ನಮ್ಮ ನೀರಿನ ಲೆಕ್ಕ ಬರೆಸಿ

ಚಿತ್ರದುರ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ, ಹಾಗೂ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಸದಸ್ಯರು ಮತ್ತು ಪಿಡಿಒಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತಳಾದವಳು. ನೌಕರಿಗೆ ಸೇರಿದ ಹೊಸತರಲ್ಲಿ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೆ. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳಿದ್ದವು. "ಹಲ್ಲು ತಿಕ್ಕದೆ ಸ್ಕೂಲಿಗೆ ಬರ್ತೀಯಲ್ಲ" ಎಂದೆ. "ಟೀಚರ್, ದಿನಾ ಎಲ್ಡ್ ಸಲ ತಿಕ್ಕಂತೀನಿ" ಎಂದಳು. ನಾನು ನಂಬಲಿಲ್ಲ. ಆ ವರ್ಷ ಗ್ರೂಪ್ ಫೋಟೋ ತೆಗೆಸಿದಾಗ ಅವಳು ಬಾಯಿ ಬಿಗಿದುಕೊಂಡು ನಿಂತಿದ್ದಳು. ಆ ಫೋಟೋ ಈಗಲೂ ನನ್ನ ಬಳಿ ಇದೆ. ಸರಿಯಾಗಿ ನೋಡಿದರೆ ಆ ಸಾಲಿನಲ್ಲಿ ಬಾಯಿ ಬಿಗಿದುಕೊಂಡವರು ಅವಳೊಬ್ಬಳೇ ಅಲ್ಲ.

ಆ ಗೆರೆಗಳು ಶಾಲೆಯ ಪಕ್ಕದ ಬೋರಿನ ನೀರಿನಿಂದ ಬಂದವು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಗು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ, ಒಸಡಿನೊಳಗೆ ಕಾಯಂ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿದ್ದರೆ ಹಲ್ಲಿನ ಮೇಲಿನ ಹೊಳಪಿನ ಪದರವೇ ಕೆಡುತ್ತದೆ. ಹಲ್ಲು ಹೊರಗೆ ಬರುವಾಗಲೇ ಕಲೆ ಹೊತ್ತು ಬರುತ್ತದೆ. ಅದನ್ನು ಯಾವ ಪೇಸ್ಟೂ ಯಾವ ಬೇವಿನ ಕಡ್ಡಿಯೂ ತೊಳೆಯಲಾರದು. ನಾನು ಆ ಮಗುವಿಗೆ ಮಾಡಿದ್ದು ಅನ್ಯಾಯ. ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಗೊತ್ತಾಗುವ ದಾರಿಯೇ ಆಗ ಇರಲಿಲ್ಲ. ನಲವತ್ತು ವರ್ಷ ಕಳೆದರೂ ನಮ್ಮೂರಿನವರಿಗೆ ಆ ದಾರಿ ಇನ್ನೂ ತೆರೆದಿಲ್ಲ. ಅದನ್ನು ತೆರೆಯಿರಿ ಎಂದು ಕೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಒಂದೇ. ಪ್ರತಿ ಊರಿನ ಓವರ್‌ಹೆಡ್ ಟ್ಯಾಂಕಿನ ಕಂಬಕ್ಕೆ, ಪ್ರತಿ ತೊಂಬೆಯ (ಬೀದಿಯಲ್ಲಿ ನಲ್ಲಿ ಜೋಡಿಸಿ ನಿಲ್ಲಿಸಿದ ಸಣ್ಣ ನೀರಿನ ತೊಟ್ಟಿಯ) ಗೋಡೆಗೆ, ಪ್ರತಿ ಶುದ್ಧ ಕುಡಿಯುವ ನೀರಿನ ಘಟಕದ ಬಾಗಿಲಿಗೆ, ಆ ನೀರನ್ನು ಕೊನೆಯ ಸಲ ಯಾವತ್ತು ಪರೀಕ್ಷೆ ಮಾಡಿದರು, ಏನು ಬಂತು ಎಂಬುದನ್ನು ದಪ್ಪ ಕನ್ನಡದಲ್ಲಿ ಬರೆಸಿ. ನಾಲ್ಕು ಸಾಲು ಸಾಕು: ಫ್ಲೋರೈಡ್ ಎಷ್ಟು, ನೈಟ್ರೇಟ್ (ಗೊಬ್ಬರ, ಚರಂಡಿಯಿಂದ ನೀರಿಗಿಳಿಯುವ ಲವಣ) ಎಷ್ಟು, ಇ. ಕೊಲೈ (ನೀರಿಗೆ ಮಲದ ಕೊಳಕು ಸೇರಿದೆ ಎಂದು ತೋರಿಸುವ ರೋಗಾಣು) ಇದೆಯೋ ಇಲ್ಲವೋ, ಕ್ಲೋರಿನ್ ಎಷ್ಟು. ಪಕ್ಕದಲ್ಲಿ ಮಿತಿ ಎಷ್ಟು ಎಂಬುದೂ ಇರಲಿ.

ಈ ಮಿತಿಗಳನ್ನು ಗೊತ್ತುಮಾಡಿರುವುದು ಭಾರತೀಯ ಮಾನಕ ಬ್ಯೂರೋ, ಐಎಸ್ 10500 ಎಂಬ ಮಾನದಂಡದಲ್ಲಿ. ಅದರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಸಹಿಸಬಹುದು. ನೈಟ್ರೇಟ್ 45 ಮಿಲಿಗ್ರಾಂ, ಅದಕ್ಕೆ ಸಡಿಲಿಕೆಯೇ ಇಲ್ಲ. ಇ. ಕೊಲೈ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಕ್ಲೋರಿನ್ ಮಾತ್ರ ಇರಲೇಬೇಕಾದದ್ದು: ನಲ್ಲಿಯಲ್ಲಿ ಬರುವಾಗ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇಷ್ಟನ್ನು ಓದಿ ತಿಳಿದುಕೊಳ್ಳಲು ಏಳನೇ ಕ್ಲಾಸು ಸಾಕು. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳೆ.

ನಮ್ಮ ನೆಲದ ಕಥೆ ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಈ ಪತ್ರವನ್ನು ಊರಿನವರೂ ಓದುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಕುಡಿಯುವ ನೀರೆಂದರೆ ಕೆರೆಯದು, ಮೆಟ್ಟಿಲು ಬಾವಿಯದು. ಹಾಗೆ ಕಾಲಿಟ್ಟು ಇಳಿಯುವ ಬಾವಿಗಳಿಂದಲೇ ನಾರುಹುಣ್ಣು, ಅಂದರೆ ಕುಡಿದ ನೀರಿನಿಂದ ಮೈಸೇರಿ ಚರ್ಮ ಸೀಳಿ ಹೊರಬರುವ ಹುಳದ ರೋಗ, ಹರಡುತ್ತಿತ್ತು. ಕಾಲರಾ, ವಾಂತಿಭೇದಿ ಬೇರೆ. ಅದರಿಂದ ಜನರನ್ನು ಪಾರುಮಾಡಲೆಂದೇ ಬೋರು ಕೊರೆದರು, ಕೈಪಂಪು ನೆಟ್ಟರು. ಒಳ್ಳೆಯ ಕೆಲಸವೇ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾದದ್ದರಲ್ಲಿ ಆ ಕೆಲಸದ ಪಾಲೂ ಇದೆ. ಆದರೆ ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಬಂಡೆಯೊಳಗಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಆಳಕ್ಕೆ ಹೋದಷ್ಟೂ ನೀರು ಹಳೆಯದು, ಬಂಡೆಯ ಜೊತೆ ಅದರ ಒಡನಾಟ ಹೆಚ್ಚು. ಮಳೆ ಕಡಿಮೆ, ಬೋರು ಜಾಸ್ತಿ, ಆಳ ವರ್ಷವರ್ಷಕ್ಕೂ ಹೆಚ್ಚು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗಿ ಜಗಳೂರು ಅತ್ತ ಹೋಯಿತು. ಕೆಳಗಿನ ಬಂಡೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಎರಡೂ ಕಡೆಯ ಮಕ್ಕಳ ಹಲ್ಲಿನಲ್ಲಿ ಅದೇ ಗೆರೆ.

ದೊಡ್ಡವರ ವಿಷಯ ಇನ್ನೂ ಕಷ್ಟ. ಫ್ಲೋರೈಡ್ ತುಂಬಾ ಹೆಚ್ಚಿರುವ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದವರ ಮೂಳೆಯಲ್ಲಿ, ಕೀಲಿನಲ್ಲಿ ಅದು ಸೇರಿಕೊಳ್ಳುತ್ತದೆ. ಬೆನ್ನು ಬಗ್ಗದು, ಕುಂತರೆ ಏಳಲಾಗದು. ಊರಲ್ಲಿ ಅದಕ್ಕೆ ವಾಯು ಎನ್ನುತ್ತಾರೆ, ವಯಸ್ಸಾಯ್ತು ಎನ್ನುತ್ತಾರೆ. ನೋವಿನ ಎಣ್ಣೆ ತಿಕ್ಕಿಕೊಂಡು ಅದೇ ಬೋರಿನ ನೀರನ್ನೇ ಕುಡಿಯುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅನೇಕ ತಾಯಂದಿರು ಇದನ್ನು ತಪ್ಪಾಗಿ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಯುವಾಗ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಹಾಗೇ ಉಳಿಯುತ್ತದೆ, ಅಂದರೆ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ನೈಟ್ರೇಟೂ ಹಾಗೆಯೇ. ಕ್ಯಾಂಡಲ್ ಫಿಲ್ಟರ್ ಇವೆರಡನ್ನೂ ಹಿಡಿಯುವುದಿಲ್ಲ. ಆದರೆ ರೋಗಾಣುಗಳಿಗೆ ಕುದಿಸುವುದೇ ಮದ್ದು: ನೀರು ಗುಳುಗುಳು ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಅಂದರೆ ಕುದಿಸಬೇಕೋ ಬೇಡವೋ ಎಂಬುದು ನಿಮ್ಮ ನೀರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಏನಿದೆ ಎಂದು ಹೇಳದೆ "ಕುದಿಸಿ ಆರಿಸಿ ಕುಡಿಯಿರಿ" ಎಂದಷ್ಟೇ ಗೋಡೆಯ ಮೇಲೆ ಬರೆದರೆ, ಫ್ಲೋರೈಡ್ ಇರುವ ಊರಿನ ತಾಯಿಗೆ ಅರ್ಧ ಸತ್ಯ ಹೇಳಿದ ಹಾಗೆ.

ಈಗ ನಮ್ಮೂರಲ್ಲಿ ಫಿಲ್ಟರ್ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಅದು ಬಂದ ದಿನ ನಾನೂ ಕ್ಯೂನಲ್ಲಿ ನಿಂತು ಸಂತೋಷಪಟ್ಟವಳೇ. ಅದರೊಳಗಿನ ಪೊರೆ ಚೆನ್ನಾಗಿದ್ದಾಗ ಫ್ಲೋರೈಡನ್ನು ಬಹುಪಾಲು ತಡೆಯುತ್ತದೆ. ಪೊರೆ ಹಳೆಯದಾದಂತೆ ತಡೆಯುವ ಶಕ್ತಿ ಇಳಿಯುತ್ತದೆ. ನಮ್ಮ ಘಟಕದ ಪೊರೆ ಬದಲಿಸಿದ್ದು ಯಾವಾಗ ಎಂದು ಅಲ್ಲಿ ಕೂರುವ ಹುಡುಗನನ್ನು ಕೇಳಿದೆ. ಅವನು ಪಾಪ, ಪೆನ್ನಿನಂಥ ಟಿಡಿಎಸ್ ಮೀಟರ್ ತಂದು ಲೋಟದಲ್ಲಿ ಅದ್ದಿ "ನೋಡಿ ಟೀಚರ್, ಚೆನ್ನಾಗೈತೆ" ಎಂದು ತೋರಿಸಿದ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಆ ಮೀಟರ್ ಹೇಳುವುದಿಲ್ಲ. ರೋಗಾಣುಗಳನ್ನಂತೂ ಅದು ಕಾಣುವುದೇ ಇಲ್ಲ. ಚರಂಡಿ ನೀರು ಒಂದು ಹನಿ ಬೆರೆತರೂ ಮೀಟರಿನ ಅಂಕಿ ಅಲುಗಾಡುವುದಿಲ್ಲ.

ಇದೇ ಅಜ್ಞಾನವನ್ನು ಹಿಡಿದು ವ್ಯಾಪಾರ ಮಾಡುವವರೂ ಇದ್ದಾರೆ. ಕಳೆದ ವರ್ಷ ನಮ್ಮ ಬೀದಿಗೆ ಬಂದ ಮಾರಾಟಗಾರನೊಬ್ಬ ಎರಡು ಲೋಟದಲ್ಲಿ ನೀರು ತುಂಬಿ ಕರೆಂಟಿನ ಕಡ್ಡಿಗಳನ್ನು ಇಳಿಬಿಟ್ಟ. ನಲ್ಲಿ ನೀರು ಕಂದು ಬಣ್ಣದ ಬಗ್ಗಡವಾಯಿತು, ಅವನ ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. ಹೆಂಗಸರು ಹೆದರಿಹೋದರು, ಇಬ್ಬರು ಸಾಲ ಮಾಡಿ ಯಂತ್ರ ಕೊಂಡರು. ಆ ಕಂದು ಬಣ್ಣ ಬಂದದ್ದು ಕಡ್ಡಿಯ ಕಬ್ಬಿಣದಿಂದ. ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಅಷ್ಟಾಗಿ ಹರಿಯದು, ಬಣ್ಣವೂ ಬರದು. ಆರೋಗ್ಯಕ್ಕೆ ಒಳ್ಳೆಯ ನೀರೂ ಆ ಪರೀಕ್ಷೆಯಲ್ಲಿ ಬಗ್ಗಡವಾಗುತ್ತದೆ. ಊರಿನ ಗೋಡೆಯ ಮೇಲೆ ಪಂಚಾಯಿತಿಯ ಅಂಕಿ ಇದ್ದಿದ್ದರೆ ಆ ಇಬ್ಬರು ಅವನ ಮಾತಿಗೆ ಮರುಳಾಗುತ್ತಿರಲಿಲ್ಲ.

ಹೊಳೆ ನೀರು ಬಂದರೆ ಇದೆಲ್ಲ ತೀರುತ್ತದೆ ಎಂದು ನೀವು ಹೇಳಬಹುದು. ಅರ್ಧ ಒಪ್ಪುತ್ತೇನೆ. ಕೆರೆ, ಹೊಳೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ 2022ರಲ್ಲಿ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ಹಿರಿಯೂರಿಗೆ ಹೋಗಿ ಕೈಮುಗಿದು ಬಂದವಳು ನಾನು. ಚಿತ್ರದುರ್ಗ ನಗರಕ್ಕೆ ಅಲ್ಲಿಂದಲೂ ಸೂಳೆಕೆರೆಯಿಂದಲೂ ನೀರು ಬರುತ್ತದೆ. ಬಹುಗ್ರಾಮ ಯೋಜನೆಗಳು ಹಳ್ಳಿಗಳಿಗೂ ಬರುತ್ತಿವೆ. ಬರಲಿ, ಬೇಗ ಬರಲಿ. ಆದರೆ ನೀರು ಪೈಪಿನಲ್ಲಿ ಬಂತೆಂದ ಮಾತ್ರಕ್ಕೆ ಕುಡಿಯಲು ಯೋಗ್ಯವಾಯಿತು ಎಂದಲ್ಲ ಎಂಬುದನ್ನು ನಮ್ಮ ಜಿಲ್ಲೆಯೇ ನೋಡಿದೆ. 2023ರ ಜುಲೈ ಕೊನೆ, ಆಗಸ್ಟ್ ಮೊದಲ ದಿನಗಳಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹಲವರು ತೀರಿಕೊಂಡರು. ಮನೆಯ ನಲ್ಲಿಯಲ್ಲಿ ಬಂದ ನೀರು ಅದು. ಯಾವ ತಾಯಿಯೂ ಅದನ್ನು ಮಕ್ಕಳಿಗೆ ಕೊಡುವಾಗ ಎರಡು ಸಲ ಯೋಚಿಸಿರಲಾರಳು. ಆ ಸುದ್ದಿ ಬಂದ ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ.

ನಲ್ಲಿಗೆ ಕೊಳಕು ಹೇಗೆ ಸೇರುತ್ತದೆ ಎಂಬುದನ್ನು ಪ್ರತಿ ಮನೆಯವರೂ ತಿಳಿಯಬೇಕು, ಏಕೆಂದರೆ ಅದರಲ್ಲಿ ನಮ್ಮ ತಪ್ಪೂ ಇದೆ. ಇಪ್ಪತ್ನಾಲ್ಕು ಗಂಟೆ ನೀರು ಹರಿಯುವ ಪೈಪಿನಲ್ಲಿ ಒತ್ತಡ ಒಳಗಿಂದ ಹೊರಕ್ಕಿರುತ್ತದೆ. ಸಣ್ಣ ತೂತಿದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಕ್ಕೆ ಬರುವುದಿಲ್ಲ. ನಮ್ಮಲ್ಲಿ ನೀರು ಬಿಡುವುದು ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಒಳಗೆ ಎಳೆತ ಶುರುವಾಗುತ್ತದೆ. ಪೈಪು ಚರಂಡಿಯ ಪಕ್ಕದಲ್ಲೋ ಚರಂಡಿಯೊಳಗೋ ಹಾದುಹೋಗಿದ್ದರೆ ಅದೇ ತೂತು ಚರಂಡಿಯ ನೀರನ್ನು ಹೀರಿಕೊಳ್ಳುತ್ತದೆ. ಇದರ ಮೇಲೆ ನಾವು ಮನೆಮನೆಯಲ್ಲಿ ನಲ್ಲಿಗೇ ನೇರವಾಗಿ ಮೋಟಾರು ಹಾಕಿ ಎಳೆಯುತ್ತೇವೆ. ಒಂದು ಮನೆಯ ಮೋಟಾರು ಎಳೆದರೆ ಆ ಬೀದಿಯ ಎಲ್ಲ ತೂತುಗಳೂ ಬಾಯಿ ತೆರೆಯುತ್ತವೆ. ಮೋಟಾರಿನ ವಿಷಯದಲ್ಲಿ ನಾನು ನಿಮಗಿಂತ ಮೊದಲು ನನ್ನ ಅಕ್ಕಪಕ್ಕದ ಅಕ್ಕತಂಗಿಯರನ್ನೇ ಕೇಳಿಕೊಳ್ಳುತ್ತೇನೆ: ದಯವಿಟ್ಟು ತೆಗೆಯಿರಿ. ಸಂಪಿಗೆ ನೀರು ತಾನಾಗಿ ಬೀಳಲಿ, ಸಂಪಿನಿಂದ ಎಷ್ಟು ಬೇಕಾದರೂ ಮೇಲಕ್ಕೆ ಎಳೆಯಿರಿ.

ಇಂಥ ಕೊಳಕಿಗೆ ಎದುರು ನಿಲ್ಲುವುದು ಆ 0.2 ಮಿಲಿಗ್ರಾಂ ಕ್ಲೋರಿನ್. ಅದು ಟ್ಯಾಂಕಿನಲ್ಲಿ ಇದ್ದರೆ ಸಾಲದು, ಊರಿನ ಕೊನೆಯ ಮನೆಯ ನಲ್ಲಿಯಲ್ಲಿ ಇರಬೇಕು. ಕೊನೆಯ ಮನೆಗಳು ಯಾವ ಕೇರಿಯಲ್ಲಿರುತ್ತವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಪರೀಕ್ಷೆಗೆ ನೀರು ಹಿಡಿಯುವಾಗ ಅಲ್ಲಿಂದಲೇ ಹಿಡಿಯಲಿ. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಸಾಕು, ಹಾಕಿ ಅರ್ಧ ಗಂಟೆ ಬಿಡಬೇಕು. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದ ಪೌಡರಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ನಮ್ಮೂರ ನೀರುಗಂಟಿಯನ್ನು ಕೇಳಿದಾಗ ಅವನು ಹೇಳಿದ್ದು: "ಅಮ್ಮಾ, ಪೌಡ್ರು ಕೊಟ್ರೆ ಹಾಕ್ತೀನಿ. ಎಷ್ಟು ಹಾಕ್ಬೇಕು ಅಂತ ಯಾರೂ ಹೇಳಿಲ್ಲ, ಕೈಯಳತೇಲಿ ಹಾಕ್ತೀನಿ." ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ವಾಲ್ವ್ ತಿರುಗಿಸುವ ಮನುಷ್ಯ ಅವನು. ಊರಿನ ಜೀವವೆಲ್ಲ ಅವನ ಕೈಯಳತೆಯಲ್ಲಿದೆ. ಅವನಿಗೆ ಒಂದು ಸಣ್ಣ ತಕ್ಕಡಿಯನ್ನೂ, ಕ್ಲೋರಿನ್ ನೋಡುವ ಹನಿ ಬಾಟಲಿಯನ್ನೂ, ತಿಂಗಳು ತಿಂಗಳಿಗೆ ಸರಿಯಾಗಿ ಸಂಬಳವನ್ನೂ ಕೊಡಿ.

ಪರೀಕ್ಷೆಯೇ ನಡೆಯುತ್ತಿಲ್ಲ ಎಂದು ನಾನು ದೂರುತ್ತಿಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಜನ ಹೆಂಗಸರಿಗೆ ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ನೀಡುವ ಏರ್ಪಾಡಿದೆ. ನೀರಿನ ಪ್ರತಿ ಮೂಲವನ್ನು ವರ್ಷಕ್ಕೊಮ್ಮೆ ರಾಸಾಯನಿಕಗಳಿಗೆ, ಎರಡು ಸಲ ರೋಗಾಣುಗಳಿಗೆ ಪರೀಕ್ಷಿಸಬೇಕೆಂಬ ನಿಯಮವೂ ಇದೆ. ನಮ್ಮೂರಲ್ಲಿ ತರಬೇತಿ ಪಡೆದವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಬಾಟಲಿಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣದ ಪಟ್ಟಿಗೆ ಹೋಲಿಸಿ ಎಷ್ಟು ಜಾಣತನದಿಂದ ಮಾಡುತ್ತಾಳೆ ಗೊತ್ತೇ? ನೋಡಿ ನನಗೆ ಹೆಮ್ಮೆಯಾಯಿತು. ಬಂದ ಅಂಕಿಯನ್ನು ಮೊಬೈಲಿನಲ್ಲಿ ತುಂಬಿ ಕಳಿಸುತ್ತಾಳೆ. ಅದು ಮೇಲಕ್ಕೆ ಹೋಗುತ್ತದೆ. ಅವಳ ಪಕ್ಕದ ಮನೆಯವಳಿಗೆ ಗೊತ್ತಾಗುವುದಿಲ್ಲ. "ಹೇಳಬಹುದಲ್ಲಮ್ಮ" ಎಂದೆ. "ಹೇಳಿದ್ರೆ ಪಂಚಾಯ್ತಿಯವ್ರು ಬೈತಾರೇನೋ ಅಂತ ಭಯ ಟೀಚರ್" ಎಂದಳು. ನಾನೇ ಪಂಚಾಯಿತಿಗೆ ಹೋಗಿ ಪ್ರಯೋಗಾಲಯದ ವರದಿ ಕೇಳಿದೆ. ಮೂರು ಸಲ ಹೋದೆ. ಫೈಲು ತಾಲ್ಲೂಕಿನಲ್ಲಿದೆ ಎಂದರು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮೂರನೆಯ ಸಲ, "ನಿಮಗ್ಯಾಕೆ ಮೇಡಂ ಅದೆಲ್ಲ" ಎಂದರು.

ನಮಗೆ ಯಾಕೆ ಎಂದರೆ ಕುಡಿಯುವವರು ನಾವು. ಅದಕ್ಕಿಂತ ಬೇರೆ ಉತ್ತರ ನನ್ನ ಬಳಿ ಇಲ್ಲ.

ನಮ್ಮೂರ ಹಾಲಿನ ಡೇರಿಯನ್ನು ನೋಡಿ. ಒಂದು ಲೀಟರ್ ಹಾಲು ತಂದ ಹೆಣ್ಣುಮಗಳ ಹಾಲನ್ನೂ ಬೆಳಿಗ್ಗೆ ಸಂಜೆ ಪರೀಕ್ಷೆ ಮಾಡುತ್ತಾರೆ. ಫ್ಯಾಟ್ ಎಷ್ಟು ಎಂದು ಅಲ್ಲೇ ಅವಳ ಕಣ್ಣೆದುರೇ ಬರುತ್ತದೆ, ಚೀಟಿ ಕೈಗೆ ಬರುತ್ತದೆ. ಕಡಿಮೆ ಬಂದರೆ ಅವಳು ಕೇಳುತ್ತಾಳೆ, ಜಗಳವಾಡುತ್ತಾಳೆ, ಮಾರನೆಯ ದಿನ ಹಿಂಡಿ ಬದಲಿಸುತ್ತಾಳೆ. ನ್ಯಾಯಬೆಲೆ ಅಂಗಡಿಯ ಬೋರ್ಡಿನ ಮೇಲೆ ಅಕ್ಕಿ ಎಷ್ಟಿದೆ ಎಂದು ಬರೆಯುತ್ತಾರೆ. ಇದೆಲ್ಲ ನಮ್ಮ ಜನಕ್ಕೆ ಹೊಸದಲ್ಲ. ನೀರಿನ ಅಂಕಿಯೊಂದು ಮಾತ್ರ ಕಪಾಟಿನಲ್ಲಿದೆ.

ಬರೆದರೆ ಜನ ಗಾಬರಿಯಾಗುತ್ತಾರೆ ಎಂದು ಒಬ್ಬ ಅಧಿಕಾರಿ ನನಗೆ ಹೇಳಿದರು. ಅವರ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಬಾಂಗ್ಲಾದೇಶದಲ್ಲಿ ಬೋರುಗಳ ನೀರಿನಲ್ಲಿ ಆರ್ಸೆನಿಕ್ ವಿಷ ಕಂಡಾಗ ಅವರು ಸುಮಾರು 50 ಲಕ್ಷ ಬೋರುಗಳನ್ನು ಪರೀಕ್ಷಿಸಿ, ವಿಷವಿದ್ದ ಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಎಷ್ಟೋ ಜನ ಕೆಂಪನ್ನು ಬಟ್ಟೆ ಪಾತ್ರೆಗೆ ಇಟ್ಟುಕೊಂಡು, ಕುಡಿಯಲು ಪಕ್ಕದ ಹಸಿರು ಪಂಪಿಗೆ ಕೊಡ ಹಿಡಿದು ನಡೆದರು. ನಮ್ಮ ಊರುಗಳಲ್ಲೂ ಎಲ್ಲ ಬೋರಿನ ನೀರು ಒಂದೇ ಥರ ಇರುವುದಿಲ್ಲ. ಒಂದೇ ಊರಿನ ಎರಡು ಬೋರುಗಳಲ್ಲಿ ಫ್ಲೋರೈಡ್ ಬೇರೆ ಬೇರೆ. ಯಾವುದು ಯಾವುದೆಂದು ಗೊತ್ತಾದರೆ ನಮ್ಮ ಹೆಂಗಸರು ನಾಲ್ಕು ಹೆಜ್ಜೆ ಹೆಚ್ಚು ನಡೆಯಲು ಹಿಂಜರಿಯುವವರಲ್ಲ. ಈಗಲೂ ಬೇಳೆ ಬೇಯುವ ನೀರು ಎಲ್ಲಿ ಸಿಗುತ್ತದೆಂದು ಹುಡುಕಿ ಹೋಗುತ್ತಾರೆ. ಆದರೆ ಬೇಳೆ ಬೇಯದಿದ್ದರೆ ನೀರು ಗಡಸು ಎಂದಷ್ಟೇ ಅರ್ಥ. ಫ್ಲೋರೈಡ್ ಜಾಸ್ತಿಯಿರುವ ನೀರು ಎಷ್ಟೋ ಕಡೆ ಮೆತ್ತಗಿರುತ್ತದೆ, ಬೇಳೆಯನ್ನು ಚೆನ್ನಾಗಿಯೇ ಬೇಯಿಸುತ್ತದೆ. ನಾಲಿಗೆಗೂ ಒಲೆಗೂ ಸಿಗದ ಕೇಡು ಇದು. ಪರೀಕ್ಷೆಯ ಅಂಕಿ ಬಿಟ್ಟರೆ ಅದನ್ನು ತೋರಿಸುವ ಬೇರೆ ದಾರಿ ಇಲ್ಲ.

ಅಂಕಿ ಕೆಟ್ಟದಾಗಿ ಬಂದರೆ ಮುಂದೇನು ಎಂಬುದಕ್ಕೂ ದಾರಿಗಳಿವೆ, ಎಲ್ಲವೂ ಕೋಟಿ ರೂಪಾಯಿಯವಲ್ಲ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ದುರ್ಗದ ಕೋಟೆ ಕಟ್ಟಿದವರು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಕೂಡಿಟ್ಟರು. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ಪ್ರವಾಸಕ್ಕೆ ಹೋದ ಮಕ್ಕಳಿಗೆ ಪ್ರತಿ ವರ್ಷ ತೋರಿಸುತ್ತಿದ್ದೆ. ನೂರು ಚದರ ಮೀಟರಿನ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 50 ಸಾವಿರ ಲೀಟರ್. ಸೋರಿ, ಆರಿ, ಮೊದಲ ಮಳೆಯನ್ನು ಹೊರಗೆ ಬಿಟ್ಟು 40 ಸಾವಿರ ಉಳಿಯಿತೆನ್ನಿ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ಒಂಬತ್ತು ಸಾವಿರ ಚಿಲ್ಲರೆ. ಸಣ್ಣ ತಾರಸಿಯೂ ಸಾಕಾಗುತ್ತದೆ, ಬೇಕಾದದ್ದು ಮುಚ್ಚಿದ ತೊಟ್ಟಿ. ಶಾಲೆ ಮತ್ತು ಅಂಗನವಾಡಿಗಳಿಂದ ಶುರುಮಾಡಿ. ಏಕೆಂದರೆ ಎಂಟು ವರ್ಷದೊಳಗಿನವರು ಇರುವುದು ಅಲ್ಲೇ, ಉಳಿಸಲು ಇನ್ನೂ ಸಮಯವಿರುವ ಹಲ್ಲು ಅವರವೇ.

ನಾನು ಬೈದ ಆ ಹುಡುಗಿಗೆ ಈಗ ಮೊಮ್ಮಗಳಿದ್ದಾಳೆ, ಅಂಗನವಾಡಿಗೆ ಹೋಗುತ್ತಾಳೆ. ಅವಳಿನ್ನೂ ಹಾಲುಹಲ್ಲಿನ ಕೂಸು. ಕಾಯಂ ಹಲ್ಲುಗಳು ಒಳಗೆ ಈಗ ರೂಪುಗೊಳ್ಳುತ್ತಿವೆ. ಅಂಗನವಾಡಿಯ ಮುಂದೆಯೇ ಒಂದು ತೊಂಬೆ ಇದೆ, ಅದರ ಗೋಡೆಗೆ ಸುಣ್ಣ ಬಳಿದು ಎಷ್ಟೋ ಕಾಲವಾಗಿದೆ. ಸುಣ್ಣ, ಬಣ್ಣ, ಬರೆಯುವವನ ಕೂಲಿ ನನ್ನ ಪಿಂಚಣಿಯಲ್ಲಿ ನಾನು ಕೊಡುತ್ತೇನೆ. ಅಂಕಿಗಳನ್ನು ನೀವು ಕೊಡಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ